ಮುಂಗೋಡೆಯ ಗಿಲಾವು

ರೋಣ ತಾಲೂಕಿನ ಎರೆಸೀಮೆಯ ಊರೊಂದರಲ್ಲಿ, ಹನುಮಪ್ಪನ ಗುಡಿಯ ಓಣಿಯ ತುದಿಗೆ, ಪೂರ್ವಾಭಿಮುಖವಾದ ಒಂದು ಮಣ್ಣಿನ ಮಾಳಿಗೆಯ ಮನೆಯಿದೆ. ಕಲ್ಲಿನ ತಳಪಾಯ, ಅದರ ಮೇಲೆ ಹಸಿ ಇಟ್ಟಿಗೆಯ ಒಂದೂವರೆ ಮೊಳ ದಪ್ಪದ ಗೋಡೆ, ಗೋಡೆಗೆ ಸುಣ್ಣದ ಗಚ್ಚಿನ ಗಿಲಾವು. 1938ರ ಸುಮಾರಿಗೆ ಅಜ್ಜ ಕಟ್ಟಿಸಿದ ಈ ಮನೆಯಲ್ಲಿ ಈಗ ವಾಸವಾಗಿರುವವರು ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕರು. ಊರವರ ಬಾಯಲ್ಲಿ ಬರಿಯ 'ಮಾಸ್ತರರು'. ಶ್ರೀಮಠದ ಉಚಿತ ಪ್ರಸಾದನಿಲಯದಲ್ಲಿದ್ದುಕೊಂಡು ಇದೇ ಶಾಲೆಯಲ್ಲಿ ಓದಿ, ಮುಂದೆ ಮೂವತ್ತಾರು ವರ್ಷಗಳ ಕಾಲ ಹಳ್ಳಿಯ ಮಕ್ಕಳಿಗೆ ವಿಜ್ಞಾನ ಕಲಿಸಿದವರು.

2022ರ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯ ಮುಂಗೋಡೆಯ ಅವಸ್ಥೆ ನೋಡುವಂತಿರಲಿಲ್ಲ. ಮೊಳಕಾಲೆತ್ತರದವರೆಗೆ ಗಿಲಾವು ಹಪ್ಪಳದಂತೆ ಎದ್ದು ನಿಂತಿತ್ತು. ಅದರ ಹಿಂದೆ ಬಿಳಿಯ ಸವಳು. ಕಿಟಕಿಯ ಮೂಲೆಗಳಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕುಗಳು. ಬರುವ ವೈಶಾಖದಲ್ಲಿ ಮೊಮ್ಮಗಳ ಲಗ್ನ ನಿಶ್ಚಯವಾಗಿತ್ತು. ಪುಣೆಯಲ್ಲಿ ನೌಕರಿಯಲ್ಲಿರುವ ಮಗ ಗುತ್ತಿಗೆದಾರನೊಬ್ಬನನ್ನು ಜೊತೆಯಲ್ಲಿ ಕರೆದುಕೊಂಡೇ ಊರಿಗೆ ಬಂದನು. ಹಳೆಯ ಗಿಲಾವನ್ನೆಲ್ಲ ಕೆತ್ತಿ ತೆಗೆಯುವುದು, ಗೋಡೆಗೆ ತಂತಿಯ ಜಾಳಿಗೆ ಬಡಿದು ಸಿಮೆಂಟು ಹಚ್ಚುವುದು, ಅದರ ಮೇಲೆ ಕಲ್ಲಿನ ಬಣ್ಣದ ಟೈಲ್ಸ್ ಅಂಟಿಸುವುದು. ಹದಿನೈದು ದಿನಗಳ ಕೆಲಸವೆಂದು ಗುತ್ತಿಗೆದಾರ ಮಾತು ಕೊಟ್ಟನು, ಮುಂಗಡವೂ ಸಂದಿತು.

ಮಾಸ್ತರರು ಅನುಮಾನಿಸಿದಾಗ ಮಗ ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ಪಡುವಲ ಗ್ವಾಡಿ ಬಿದ್ದದ್ದು ಮರತ್ರೇನು? ಮಣ್ಣಿನ ಗ್ವಾಡಿ ಎಷ್ಟಂತ ನಂಬೂದು?"

ಮಗನ ಅಂಜಿಕೆ ಹುರುಳಿಲ್ಲದ್ದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಸೀಮೆಯ ಭೂಕಂಪದಲ್ಲಿ ಕೆಸರಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರದ ಮಣ್ಣಿನ ಮಾಳಿಗೆಗಳೂ ಕುಸಿದು ಸಾವಿರಾರು ಜನ ಮಲಗಿದಲ್ಲಿಯೇ ಮಡಿದರು. ಅಂದಿನಿಂದ ಮಣ್ಣಿನ ಮನೆಯೆಂದರೆ ಉತ್ತರ ಕರ್ನಾಟಕದ ಹಳ್ಳಿಗರ ಮನಸ್ಸಿನಲ್ಲಿಯೂ ಒಂದು ಅಳುಕು ಉಳಿದುಬಿಟ್ಟಿತು. ಆದರೆ ಮಗ ಕೇಳಿದ್ದು ಪಡುವಣ ಗೋಡೆಯ ಮಾತು. ಅದು ಬಿದ್ದ ಬಗೆಯನ್ನು ಬಲ್ಲವರು ಮಾಸ್ತರರೊಬ್ಬರೇ. ಹದಿಮೂರು ವರ್ಷ ಅವರು ಅದನ್ನು ಯಾರೆದುರಿಗೂ ಬಾಯಿಬಿಟ್ಟಿರಲಿಲ್ಲ.

ಪಡುವಣ ಗೋಡೆಗೆ ಮುಂಗಾರಿನ ಇರಿಚಲು ನೇರವಾಗಿ ಬಡಿಯುತ್ತದೆ. ಆದುದರಿಂದ ವರ್ಷಂಪ್ರತಿ ದಸರೆಗೆ ಮೊದಲು ಮಾಸ್ತರರ ತಾಯಿ ಆ ಗೋಡೆಗೆ ಮಣ್ಣು ಮೆತ್ತಿ, ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು. ಆ ಮುದಿಜೀವ ಏಣಿ ಹತ್ತುವುದನ್ನು ಮಗನಿಗೆ ನೋಡಲಾಗಲಿಲ್ಲ. 1982ರಲ್ಲಿ ಸಿಮೆಂಟಿನ ಮೇಲಿನ ಸರಕಾರಿ ನಿಯಂತ್ರಣ ಭಾಗಶಃ ಸಡಿಲಗೊಂಡಿತ್ತು. ಅದಕ್ಕೂ ಮೊದಲು ಪರ್ಮಿಟ್ಟಿಗಾಗಿ ಕಚೇರಿಯ ಕಟ್ಟೆ ಕಾಯಬೇಕಾಗಿದ್ದ ಚೀಲ ಈಗ ಪೇಟೆಯಲ್ಲಿ ಸಿಗತೊಡಗಿತು. ಸಿಮೆಂಟು ಆ ದಿನಗಳಲ್ಲಿ ಬರಿಯ ಗಾರೆಯಾಗಿರಲಿಲ್ಲ. ಅದು ವಿಜ್ಞಾನದ, ಏಳಿಗೆಯ ಗುರುತಾಗಿತ್ತು. 1984ರ ಬೇಸಿಗೆಯಲ್ಲಿ ಮಾಸ್ತರರು ಆ ಗೋಡೆಗೆ ಜಾಳಿಗೆ ಬಡಿಸಿ ಸಿಮೆಂಟು ಗಿಲಾವು ಮಾಡಿಸಿದರು. ತಾಯಿ ಮಾತ್ರ ಒಪ್ಪಿರಲಿಲ್ಲ. "ಗ್ವಾಡಿ ಉಸರಾಡಬೇಕಪಾ. ಬಾಯಿ ಮುಚ್ಚಿದ್ರ ಒಳಗ ಕೊಳಿತೈತಿ" ಎಂದಿದ್ದರು. ಮಾಸ್ತರರು ನಕ್ಕು, ಗೋಡೆಗೆ ಮೂಗಿಲ್ಲವೆಂದು ತಿಳಿಹೇಳಿದರು. ಶಾಲೆಯ ಮಾಸ್ತರರೇ ಮಾಡಿಸಿದ್ದನ್ನು ಕಂಡು ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಓಣಿಯ ಐದಾರು ಮನೆಯವರು ಹಾಗೆಯೇ ಮಾಡಿಸಿಕೊಂಡರು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳಲ್ಲಿಯೂ ಬಿಡಲಿಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಲೆಕ್ಕವಿಲ್ಲದಷ್ಟು ಮನೆಗಳು ಆ ಮಳೆಗೆ ನೆಲಕಚ್ಚಿದವು. ಒಂದು ಸಂಜೆ ಪಡುವಣ ಗೋಡೆ ಒಳಮುಖವಾಗಿ ಕುಸಿದು ತಾಯಿಯ ಮಂಚದ ಮೇಲೆ ಬಿತ್ತು. ತಾಯಿ ಆ ಹೊತ್ತಿಗೆ ದೇವರ ಕೋಣೆಯಲ್ಲಿ ಇಷ್ಟಲಿಂಗ ಪೂಜೆಗೆ ಕುಳಿತಿದ್ದರು. ಮರುದಿನ ಕಲ್ಲುಮಣ್ಣು ಎತ್ತಿಹಾಕುವಾಗ ಮಾಸ್ತರರ ಕಣ್ಣಿಗೆ ಬಿದ್ದದ್ದು, ಕದದಷ್ಟು ಅಗಲದ ಸಿಮೆಂಟಿನ ಹಲಗೆಗಳು. ಅವು ಮುರಿದಿದ್ದರೂ ಗಟ್ಟಿಯಾಗಿಯೇ ಇದ್ದವು. ಅವುಗಳ ಹಿಂದಿನ ಇಟ್ಟಿಗೆ ಮಾತ್ರ ನಾದಿದ ಹಿಟ್ಟಿನಂತಾಗಿತ್ತು. ಜಾಳಿಗೆಯ ತಂತಿ ತುಕ್ಕು ಹಿಡಿದು ಕೈಯಲ್ಲಿ ಪುಡಿಯಾಯಿತು. ಸಿಮೆಂಟು ಕಾಣದ ಉಳಿದ ಮೂರು ಗೋಡೆಗಳು ಅದೇ ಮಳೆಯಲ್ಲಿ ನಿಂತಿದ್ದವು. ಕೇಳಿದವರಿಗೆಲ್ಲ ಮಾಸ್ತರರು, "ಮಳೆ ವಿಪರೀತ, ಮಣ್ಣಿನ ಗೋಡೆ ತಾಳಲಿಲ್ಲ" ಎಂದರು. ತಾಯಿ ತೀರಿಕೊಳ್ಳುವವರೆಗೆ ಆ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಮಾಸ್ತರರಿಗೆ ಹಗುರವಾಗುತ್ತಿತ್ತೋ ಏನೋ.

ಕಾರಣ ಗೂಢವಾದುದೇನಲ್ಲ. ಎರೆಭೂಮಿ ನೀರನ್ನು ಹಿಡಿದಿಟ್ಟುಕೊಳ್ಳುವ ಭೂಮಿ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಆ ತೇವ ಗೋಡೆಯಲ್ಲಿ ಏರುತ್ತದೆ. ಮಣ್ಣೂ ಸುಣ್ಣವೂ ಸಣ್ಣ ರಂಧ್ರಗಳ ಪದಾರ್ಥಗಳಾದುದರಿಂದ ಏರಿದ ತೇವ ಗಾಳಿಗೆ ಹಾರಿಹೋಗುತ್ತದೆ. ಸಿಮೆಂಟಿನ ಮೈ ಬಿಗಿ. ಅದು ತೇವವನ್ನು ಸುಲಭವಾಗಿ ಹೊರಬಿಡದು. ಅಲ್ಲದೆ ಮಣ್ಣು ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಸಿಮೆಂಟು ಅದರೊಡನೆ ಬಾಗಲಾರದೆ ಬಿರಿಯುತ್ತದೆ. ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಹೊರಬರುವ ದಾರಿಯಿಲ್ಲ. ಸುಟ್ಟ ಇಟ್ಟಿಗೆಗೂ ನೀರಿನ ತೊಟ್ಟಿಗೂ ಸಿಮೆಂಟು ತಕ್ಕುದೇ. ಹಸಿ ಇಟ್ಟಿಗೆಗೆ ಅದು ಹಗೆ. ವರ್ಷ ವರ್ಷವೂ ಮಾಸ್ತರರು ತರಗತಿಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿಸಿ, ಅದು ಹಾಲಿನಂತಾಗುವುದನ್ನು ತೋರಿಸಿದವರು. ಗೋಡೆಯ ಮೇಲಿನ ಸುಣ್ಣ ಗಾಳಿಯಲ್ಲಿನ ಅದೇ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ತಾಯಿ ಹೇಳಿದ ಉಸಿರು ಬೇರೆಯದು, ತೇವದ ಉಸಿರು. ಆದರೆ ಗೋಡೆಯ ಉಸಿರಿನ ಮಾತು ಕೇಳಿ ನಗಲು ಆ ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಅಧಿಕಾರವಿದ್ದವರು ಮಾಸ್ತರರೇ.

ಗುತ್ತಿಗೆದಾರನಿಗೆ ಎರಡು ದಿನ ತಡೆಯೆಂದು ಹೇಳಿ, ಅವರು ನೆರೆಯೂರಿನಿಂದ ಎಂಬತ್ತು ದಾಟಿದ ಒಬ್ಬ ಗೌಂಡಿಯನ್ನು ಕರೆಸಿದರು. ಮುದುಕ ಬಂದವನೇ ಗೋಡೆಯ ಕಡೆಗೆ ನೋಡದೆ ಬೀದಿಯ ಕಡೆಗೆ ನೋಡಿದನು. ಹಿಂದೆ ಜಗಲಿಗೆ ಮೂರು ಮೆಟ್ಟಿಲುಗಳಿದ್ದವು. ಎರಡು ಸಲ ಒಂದರ ಮೇಲೊಂದು ಹಾಕಿದ ಕಾಂಕ್ರೀಟು ರಸ್ತೆ ಮೇಲೇರಿ ಈಗ ಉಳಿದದ್ದು ಒಂದೇ. ಬೀದಿಯ ನೀರೆಲ್ಲ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತಿತ್ತು. "ಮೊದಲ ನೀರಿನ ದಾರಿ ನೋಡ್ರಿ ಮಾಸ್ತರ್ರ. ಬುಡ ಹಿಂಗ ಇದ್ರ ಬೆಳ್ಳಿ ತಗಡು ಹೊಡಿಸಿದ್ರೂ ಅಷ್ಟಽ" ಎಂದನು.

ಬಳಿಕ ಗೋಡೆಯ ಪರೀಕ್ಷೆ. ತೂಕದ ಗುಂಡು ಇಳಿಬಿಟ್ಟು ಗೋಡೆ ವಾಲಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಂಡನು. ಆಮೇಲೆ ಕರಣಿಯ ಹಿಡಿಯಿಂದ ಗೇಣುಗೇಣಿಗೆ ತಟ್ಟುತ್ತ, ಕಿವಿಗೊಟ್ಟು ಆಲಿಸುತ್ತ ಹೋದನು. ಗಟ್ಟಿಯಿದ್ದಲ್ಲಿ ಕಲ್ಲಿನ ದನಿ. ಗೋಡೆಯನ್ನು ಬಿಟ್ಟುನಿಂತಲ್ಲಿ ಪೊಳ್ಳುದನಿ. ಪೊಳ್ಳಿದ್ದ ಕಡೆಗೆಲ್ಲ ಇದ್ದಿಲಿನಿಂದ ಗೆರೆ ಎಳೆದನು. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಗೆರೆಯೊಳಗೆ ಬಂದದ್ದು ಬುಡದ ಪಟ್ಟಿ, ಕಿಟಕಿಗಳ ಕೆಳಗಿನ ಎರಡು ತುಣುಕು, ಮಾಳಿಗೆಯ ದೋಣಿ ಸೋರುತ್ತಿದ್ದ ಒಂದು ಮೂಲೆ. ಗೋಡೆಯ ಮೂರನೆಯ ಒಂದು ಪಾಲು ಅಷ್ಟೇ. ಉಳಿದ ಗಿಲಾವು ಎಂಬತ್ತು ವರ್ಷಗಳ ಮೇಲೂ ಗೋಡೆಯನ್ನು ಬಿಗಿಯಾಗಿ ಹಿಡಿದಿತ್ತು. ವಿಜಾಪುರದ ಗೋಲಗುಮ್ಮಟದ ಇಟ್ಟಿಗೆಗಳನ್ನು ಹಿಡಿದು ನಿಲ್ಲಿಸಿರುವುದೂ ಸುಣ್ಣದ ಗಚ್ಚೇ ಎಂದು ಮುದುಕ, ತಾನೇ ಕಟ್ಟಿದವನ ಧಾಟಿಯಲ್ಲಿ ಹೇಳಿದನು.

ಅಂದು ರಾತ್ರಿ ಊಟದ ಹೊತ್ತಿನಲ್ಲಿ ಮಾಸ್ತರರು ಮಗನಿಗೆ 1984ರ ಸಂಗತಿಯನ್ನೂ 2009ರಲ್ಲಿ ಮಣ್ಣಿನಡಿ ಕಂಡದ್ದನ್ನೂ ಒಂದೂ ಬಿಡದೆ ಹೇಳಿದರು. ಮಗ ತುತ್ತನ್ನು ಕೈಯಲ್ಲಿಯೇ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತನು. "ಸೂಟಿಗೆ ಬಂದಾಗ ಅಮ್ಮನ ಮಗ್ಗಲಕ್ಕ ನಾನೂ ಅದಽ ಮಂಚದ ಮ್ಯಾಲ ಮಲಗತಿದ್ದೆ" ಎಂದನು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ, "ಸುಣ್ಣದ ಕೆಲಸಕ್ಕ ಎಷ್ಟ ದಿನ ಬೇಕಂತ?" ಎಂದು ಕೇಳಿದನು. ಮುಂಗಡದಲ್ಲಿ ಅರ್ಧ ಹಣ ಮಾತ್ರ ಮರಳಿ ಬಂತು.

ದಿನಗಳು ಬಹಳವೇ ಬೇಕಾದವು. ಗೋಡೆಯ ಗುಂಟ ಕಲ್ಲು ಹಾಸಿ ಕಾಲುವೆ ತೆಗೆದು ನೀರನ್ನು ಓಣಿಯ ಚರಂಡಿಗೆ ತಿರುಗಿಸಿದ್ದಾಯಿತು. ಭಟ್ಟಿಯಲ್ಲಿ ಸುಟ್ಟ ಸುಣ್ಣದ ಕಲ್ಲನ್ನು ಲೋಕಾಪುರದ ಕಡೆಯಿಂದ ತರಿಸಿ, ಕುಣಿಯಲ್ಲಿ ನೀರು ಹಾಕಿದಾಗ ಅದು ಕೊತಕೊತ ಕುದಿದು ಅರಳಿತು. ಮುದುಕ ಮೂರು ವಾರ ಅದನ್ನು ಮುಟ್ಟಗೊಡಲಿಲ್ಲ. ಬೆಲ್ಲದ ನೀರೂ ಅಳಲೆಕಾಯಿಯ ರಸವೂ ಬೇಕೆಂದು ಹಟ ಹಿಡಿದನು. ಮಾಸ್ತರರು ಈ ಸಲ ವಾದಿಸಲಿಲ್ಲ. ಪೊಳ್ಳು ಭಾಗವನ್ನಷ್ಟೇ ಕೆತ್ತಿ, ಅಂಚನ್ನು ನೆನೆಸಿ, ತೆಳುವಾದ ಮೂರು ಪದರು. ಪದರಿನಿಂದ ಪದರಿಗೆ ವಾರಗಟ್ಟಲೆ ಬಿಡುವು, ಬಿಸಿಲು ತಾಗದಂತೆ ಒದ್ದೆ ಗೋಣಿತಾಟು. ಕಾರ್ತಿಕದಲ್ಲಿ ಹಿಡಿದ ಕೆಲಸ ಮಾಘದಲ್ಲಿ ಮುಗಿಯಿತು. ಮೇಲೆ ಸುಣ್ಣ ಬಳಿದರೂ ಹೊಸ ತೇಪೆಗಳ ಅಂಚು ಕಾಣುತ್ತಿತ್ತು. ಬೀಗರು ನೋಡಿ ಏನೆನ್ನುವರೋ ಎಂದು ಸೊಸೆ ಕಳವಳಪಟ್ಟಳು. ಲಗ್ನದ ಹಂದರದ ತೆಂಗಿನ ಗರಿಗಳು ಅರ್ಧ ಗೋಡೆಯನ್ನು ಮರೆಮಾಡಿದವು.

ಲಗ್ನ ಮುಗಿದ ವಾರಕ್ಕೆ ಮಾಸ್ತರರು ತಾವಾಗಿಯೇ ಎದುರು ಮನೆಗೆ ಹೋದರು. 1985ರಲ್ಲಿ ಅವರ ಮಾತು ಕೇಳಿ ಸಿಮೆಂಟು ಹಚ್ಚಿಸಿದ ಮನೆ ಅದು. ಯಜಮಾನ ತೀರಿಹೋಗಿದ್ದನು, ಅವನ ಮಗ ಹೊರಗೆ ಬಂದು ಕಟ್ಟೆಯ ಮೇಲೆ ಚಾಪೆ ಹಾಸಿದನು. ಮಾಸ್ತರರು ಕುಳಿತುಕೊಳ್ಳದೆ, ಮುದುಕ ಗೌಂಡಿ ಮಗ್ಗುಲಲ್ಲಿ ನಿಂತು ನೋಡುತ್ತಿರಲು, ಕೈಯಲ್ಲಿದ್ದ ಕರಣಿಯ ಹಿಡಿಯಿಂದ ಗೋಡೆಯನ್ನು ತಟ್ಟತೊಡಗಿದರು. ಇದ್ದಿಲಿನ ತುಂಡು ಅವರ ಅಂಗಿಯ ಕಿಸೆಯಲ್ಲಿತ್ತು.