ಕಟ್ಟಿದ ವರ್ಷ

ಬೆಳಿಗ್ಗೆ ಚಹಾ ಆರುವ ಮೊದಲೇ ಮನೆಗಂದಾಯದ ಅರ್ಜಿ ತಲೆ ಕೆಡಿಸಿತು. ಹೆಸರು, ವಿಸ್ತೀರ್ಣ, ಚೆಕ್ಕುಬಂದಿ ಎಲ್ಲ ಸರಾಗ. ಆಮೇಲೆ 'ಕಟ್ಟಡ ಕಟ್ಟಿದ ವರ್ಷ' ಅಂತ ನಾಲ್ಕು ಚೌಕ. ಮನೆ ಹಳತಾದಷ್ಟೂ ಕಂದಾಯ ಇಳಿಯುತ್ತದಂತೆ, ಇಳಿಯಲಿ. ಆದರೆ ಕೊಟ್ಟೂರಿನ ನಮ್ಮ ಮಾಳಿಗೆ ಮನೆಗೆ ಯಾವ ವರ್ಷ ಬರೆಯುವುದು?

ಕ್ರಯಪತ್ರ ನೋಡಿ ಅನ್ನುತ್ತಾರೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಈ ಸೀಮೆ ಮದ್ರಾಸಿನದು. ಆ ಕಾಲದ ನಮ್ಮ ಪತ್ರ ಜಾಗದ ಮಾತಾಡುತ್ತದೆ, ಗೋಡೆಯದ್ದು ಎತ್ತುವುದಿಲ್ಲ. ಯಾರು ಯಾರಿಗೆ ಮಾರಿದರು ಅನ್ನುವುದು ಅದಕ್ಕೆ ಬೇಕು. ಮಣ್ಣು ತುಳಿದವರು ಯಾರು ಅನ್ನುವುದು ಬೇಡ.

ಓಣಿಯ ಹಿರಿಯರದು ಬೇರೆ ಲೆಕ್ಕ. "ಡ್ಯಾಮಿನ ನೀರು ಬಂದಾಗ ಈ ಪಡಸಾಲಿ ಇತ್ತು ನೋಡಪಾ, ಅಡಿಗಿಮನಿ ಇರ್ಲಿಲ್ಲ." ಹಗರಿಬೊಮ್ಮನಹಳ್ಳಿ ಕಡೆಯಂತೂ ತುಂಗಭದ್ರಾ ಡ್ಯಾಮೇ ಪಂಚಾಂಗ. ಮುಳುಗಡೆ ಊರಿನಿಂದ ತೊಲೆ, ಬಾಗಿಲು ಕಿತ್ತು ಗಾಡಿಗೆ ಹೇರಿ ತಂದು ಹೊಸ ಗೋಡೆಗೆ ಕೂರಿಸಿದವರಿದ್ದಾರೆ. ಅಂಥ ಮನೆಯಲ್ಲಿ ಬಾಗಿಲಿಗೇ ಮನೆಗಿಂತ ವಯಸ್ಸು ಜಾಸ್ತಿ.

ಹೆಂಚು ನೋಡಿ ವಯಸ್ಸು ಹೇಳುವ ಜಾಣರೂ ಉಂಟು. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865 ಕಾರ್ಖಾನೆ ಹುಟ್ಟಿದ ವರ್ಷ ಸ್ವಾಮಿ, ನಿಮ್ಮ ಮನೆಯದ್ದಲ್ಲ.

ನನ್ನ ಸಿಟ್ಟೆಲ್ಲ ನಮ್ಮ ಬಡಗಿಯ ಮೇಲೆ. ತಲೆಬಾಗಿಲ ಪಟ್ಟಿಯ ಎಣ್ಣೆಬಣ್ಣ ಕೆರೆದರೆ ಗುಂಡಗಿನ ಅಕ್ಷರದಲ್ಲಿ 'ವಿಭವ ಸಂವತ್ಸರ ಶ್ರಾವಣ ಸೋಮವಾರ' ಕಾಣುತ್ತದೆ. ಪಕ್ಕದಲ್ಲಿ ಎರಡು ಗಿಳಿ, ಒಂದು ಕಮಲ. ಶಕ ವರ್ಷ ಮಾತ್ರ ಇಲ್ಲ! ವಿಭವ 60 ವರ್ಷಕ್ಕೊಮ್ಮೆ ಬರುತ್ತದೆ: 1868, 1928, 1988. 1988 ಆಗಲಾರದು, ಅಷ್ಟರಲ್ಲಿ ಅದೇ ಹೊಸ್ತಿಲು ಎಡವಿ ನಾನು ಹಲ್ಲು ಮುರಿದುಕೊಂಡಾಗಿತ್ತು. ಉಳಿದೆರಡರಲ್ಲಿ ಯಾವುದು? ಒಂದು ಗಿಳಿ ಕಡಿಮೆ ಮಾಡಿ ಆ ಜಾಗದಲ್ಲಿ ನಾಲ್ಕು ಅಂಕಿ ಕೊರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಹರಪನಹಳ್ಳಿ ಹತ್ತಿರದ ಬಾಗಳಿಯವರನ್ನು ನೋಡಿ. ಕಲ್ಲೇಶ್ವರ ಗುಡಿಯ 987ರ ಶಾಸನ ದೇವರನ್ನು ಪ್ರತಿಷ್ಠಾಪಿಸಿದವನು ದುಗ್ಗಿಮಯ್ಯ ಅಂತ ಹೆಸರು ಹಿಡಿದು ಹೇಳುತ್ತದೆ. ಹಾಗಂತ ಆ ಗುಡಿಯೂ ಒಂದೇ ವರ್ಷದ ಕೂಸಲ್ಲ. ಒಂದಿಷ್ಟು ರಾಷ್ಟ್ರಕೂಟರ ಕಾಲದ್ದು, ಒಂದಿಷ್ಟು ಕಲ್ಯಾಣ ಚಾಲುಕ್ಯರದ್ದು. ನಮ್ಮಲ್ಲೂ ಪಡಸಾಲೆ ಅಜ್ಜನದು, ಅಡಿಗೆಮನೆ ಅಪ್ಪನದು, ಬಚ್ಚಲು ನನ್ನದು. ಗುಡಿಗೆ ಕಂದಾಯವಿಲ್ಲದ್ದು ಪುಣ್ಯ. 987ಕ್ಕೆ ಮೂರೇ ಅಂಕಿ, ಒಂದು ಚೌಕ ಖಾಲಿ ಉಳಿದರೆ ಕಂಪ್ಯೂಟರ್ ಒಪ್ಪುವುದಿಲ್ಲ.

ಹರಪನಹಳ್ಳಿ ಅಂದಾಗ ನೆನಪಾಯಿತು. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕೂತಲ್ಲಿಂದ ಕದಲದ ಮನೆಗಳು ಮೂರು ಜಿಲ್ಲೆ ಕಂಡವು. ನಮ್ಮ ಕೊಟ್ಟೂರೇನು ಕಡಿಮೆ, ಕೂಡ್ಲಿಗಿಯಿಂದ ಒಡೆದು ತಾನೇ ತಾಲ್ಲೂಕಾಯಿತು. ವಿಳಾಸದ ಚೌಕಗಳ ರಗಳೆ ಇನ್ನೊಂದು ದಿನಕ್ಕಿರಲಿ.

ಸದ್ಯ 1928 ಅಂತ ತುಂಬಿದ್ದೇನೆ. ಹೊಸ ಮನೆ ಕಟ್ಟುತ್ತಿರುವವರೇ, ಗ್ರಾನೈಟಿನಲ್ಲಿ 'ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ' ಅಂತ ಕೆತ್ತಿಸುತ್ತೀರಲ್ಲ, ಕೆಳಗೆ ಇಸವಿಯನ್ನೂ ಕೆತ್ತಿಸಿಬಿಡಿ. ಮಹಡಿ ಎತ್ತಿದಾಗ ಅದರದ್ದೂ ಇರಲಿ.