ನಮ್ಮೂರ ಲೆಕ್ಕ – 4: 576201

ಹ್ವಾಯ್, ಇದು ಕುಂದಾಪುರದ ಪಿನ್‌ಕೋಡ್. 1972ರಲ್ಲಿ ಪಿನ್‌ಕೋಡ್ ಶುರುವಾದದ್ದು ಕಾಗದ ವಿಂಗಡಿಸುವುದಕ್ಕೆ. ನಾನು ನಿನ್ನೆ ರಾತ್ರಿ ನಿದ್ದೆ ಬರದೆ ಅದನ್ನು ಭಾಗಿಸುತ್ತಾ ಕೂತಿದ್ದೆ.

576201 = 3 × 29 × 37 × 179. ನಾಲ್ಕೂ ಅವಿಭಾಜ್ಯ, ಇನ್ನು ಒಡೆಯುವುದಿಲ್ಲ.

ಬ್ರಹ್ಮಾವರ: 576213 = 3 × 11 × 19 × 919.

ಬೈಂದೂರು: 576214 = 2 × 41 × 7027.

ಕಾಣಿ, ನಮಗೂ ಬ್ರಹ್ಮಾವರಕ್ಕೂ 3 ಉಂಟು. ಬೈಂದೂರಿಗೆ ಇಬ್ಬರ ಜೊತೆಗೂ 1 ಬಿಟ್ಟರೆ ಎಂತದೂ ಇಲ್ಲ, 213ರ ಪಕ್ಕದಲ್ಲೇ 214 ಇದ್ದರೂ. ಪಕ್ಕಪಕ್ಕದ ಸಂಖ್ಯೆಗಳು ಯಾವತ್ತೂ ಹಾಗೆ: ವ್ಯತ್ಯಾಸವೇ 1, ಹಾಗಾಗಿ ಸಾಮಾನ್ಯ ಅಪವರ್ತನವೂ 1 ಮಾತ್ರ.

ನಮ್ಮ ಮೂವರ ಕಥೆಯೂ ಈಗ ಅದೇ. ಬ್ರಹ್ಮಾವರದವಳೂ ನಾನೂ ಮಲ್ಪೆ ಬೀಚಿಗೆ ಹೋದೆವು, ಬೈಂದೂರಿನವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಾದದ್ದು ನನ್ನ ಸ್ಟೋರಿ ನೋಡಿ. ಮೂರು ವಾರ ಆಯ್ತು. ಕ್ಲಾಸಲ್ಲಿ ಪಕ್ಕದಲ್ಲೇ ಕೂರ್ತಾಳೆ, ಮಾತಿಲ್ಲ.

"ಅವ್ಳಿಗೆ ಮನೆ ಮುಟ್ಟುಕೆ ಲೇಟಾತ್ತ್" ಅಂತ ನಾವೇ ತೀರ್ಮಾನ ಮಾಡಿದ್ದೆವು. ಕೇಳಲೇ ಇಲ್ಲ. ಬಿಕಾಂ ಓದುವವರ ಲೆಕ್ಕವೇ ತಪ್ಪಿತು.

1 ಸಣ್ಣದೇ. ಆದರೆ ಮೂರಕ್ಕೂ ಉಂಟಲ್ಲ. ನಾಳೆ ಬೆಳಿಗ್ಗೆ ಶಾಸ್ತ್ರಿ ಸರ್ಕಲ್‌ನಲ್ಲಿ ಬೈಂದೂರು ಬಸ್ಸಿಗೆ ಕಾಯ್ತೇನೆ.