ಬಲಿಪೂಜೆ ಅಂದರೆ ಕುರಿ ಕಡಿಯುವುದಾ?

ಊರಿನ ಕಥೋಲಿಕ ಮನೆಗಳಲ್ಲಿ ಹುಟ್ಟಿದ ನಮಗೆ ಗೆಳೆಯರು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಭಾನುವಾರ ಬೆಳಗ್ಗೆ ಎಲ್ಲಿಗೆ ಹೊರಟಿರಿ ಎಂದರೆ ನಾವು ‘ಬಲಿಪೂಜೆಗೆ’ ಅನ್ನುತ್ತೇವೆ. ಮಾರಿಹಬ್ಬ ನೋಡಿ ಬೆಳೆದವರಿಗೆ ಕುರಿ ಕೋಳಿ ನೆನಪಾದರೆ ತಪ್ಪೇನಿಲ್ಲ. ಆದರೆ ಚರ್ಚಿನ ಪೀಠದ ಮೇಲೆ ಇಡುವುದು ಗೋಧಿಯ ತೆಳು ರೊಟ್ಟಿ, ದ್ರಾಕ್ಷಾರಸ, ಅಷ್ಟೇ. ಯೇಸು ಶಿಲುಬೆಯ ಮೇಲೆ ತನ್ನನ್ನೇ ಅರ್ಪಿಸಿಕೊಂಡ. ಇನ್ನು ಬೇರೆ ಬಲಿ ಬೇಡ, ಆ ಒಂದೇ ಬಲಿ ಈ ಪೂಜೆಯಲ್ಲಿ ನಮ್ಮ ಮುಂದೆ ಬರುತ್ತದೆ ಎಂಬುದು ಕಥೋಲಿಕರ ನಂಬಿಕೆ. ಪದ ಊರಿನದೇ, ಅರ್ಥ ಮಾತ್ರ ಬೇರೆ.

‘ಪರಮಪ್ರಸಾದ’ ಎಂಬ ಪದದಿಂದ ಇನ್ನೂ ದೊಡ್ಡ ಇಕ್ಕಟ್ಟು ಆಗುತ್ತದೆ. ದೇವಸ್ಥಾನದಲ್ಲಿ ಪ್ರಸಾದ ಬಂದವರಿಗೆಲ್ಲ ಸಿಗುತ್ತದೆ. ಹಾಗಾಗಿ ಚರ್ಚಿನ ಹಬ್ಬಕ್ಕೆ ನಾವೇ ಕರೆದ ನೆರೆಯವರು ಸಾಲಿನಲ್ಲಿ ನಿಲ್ಲುತ್ತಾರೆ. ಗುರುಗಳು ಪ್ರಸಾದ ಕೊಡದೆ ತಲೆ ಮುಟ್ಟಿ ಆಶೀರ್ವದಿಸಿ ಕಳಿಸಿದಾಗ ಅವರ ಮುಖ ಸಣ್ಣದಾಗುತ್ತದೆ. ‘ನಮ್ಮ ಜಾತಿ ನೋಡಿ ಕೊಡಲಿಲ್ಲವೇನೋ’ ಅಂದುಕೊಂಡವರನ್ನೂ ನಾವು ಕಂಡಿದ್ದೇವೆ. ಅದು ಕ್ರಿಸ್ತನ ಶರೀರವೇ ಎಂದು ನಂಬಿ ಸ್ವೀಕರಿಸುವಂಥದ್ದು. ನಮ್ಮ ಮಕ್ಕಳಿಗೂ ಪಾಠ ಕಲಿತು ‘ಮೊದಲ ಪರಮಪ್ರಸಾದ’ ಆಗುವವರೆಗೆ ಕೊಡುವುದಿಲ್ಲ. ಈ ಎರಡು ಮಾತು ಮೊದಲೇ ಹೇಳಿದ್ದರೆ ಒಂದು ಮನಸ್ಸು ನೋಯುತ್ತಿರಲಿಲ್ಲ.

ಹೊರಗಿನವರ ಮಾತು ಹಾಗಿರಲಿ, ನಮಗಾದರೂ ಎಲ್ಲ ಅರ್ಥವಾಗುತ್ತದೆಯೇ? ಜಪಸರ ಹಿಡಿದರೆ ಒಂದು ಸುತ್ತಿಗೆ ಐವತ್ತಕ್ಕೂ ಹೆಚ್ಚು ಸಲ ‘ನಮೋ ಮರಿಯ’ ಹೇಳುತ್ತೇವೆ. ಅದರಲ್ಲಿ ‘ಉದರದ ಫಲ’ ಎಂಬ ಮಾತಿದೆ. ಒಂದು ಮಗು ಅದನ್ನು ‘ಉದುರಿದ ಫಲ’ ಎಂದೇ ಹೇಳುತ್ತಿತ್ತು. ಮರದಿಂದ ಉದುರಿದ ಹಣ್ಣು ಅಂತ ಅದರ ಲೆಕ್ಕ. ಉದರ ಅಂದರೆ ಹೊಟ್ಟೆ, ತಾಯಿಯ ಬಸಿರು ಎಂದು ಯಾರೂ ಹೇಳಿರಲಿಲ್ಲ.

ಪರಲೋಕ ಪ್ರಾರ್ಥನೆಯಲ್ಲಿ ಬರುವ ‘ಶೋಧನೆ’ ಇನ್ನೊಂದು. ಇವತ್ತಿನ ಕನ್ನಡದಲ್ಲಿ ಶೋಧನೆ ಅಂದರೆ ಹುಡುಕಾಟ, ತಪಾಸಣೆ. ಪ್ರಾರ್ಥನೆಯಲ್ಲಿ ಅದು ಮನುಷ್ಯನನ್ನು ಒರೆಗೆ ಹಚ್ಚುವ ಕಷ್ಟ, ಪಾಪದ ಕಡೆಗೆ ಎಳೆಯುವ ಆಸೆ. ಮೂಲ ಗ್ರೀಕಿನ ಪದಕ್ಕೂ ಪರೀಕ್ಷೆ, ಪ್ರಲೋಭನೆ ಎಂಬ ಎರಡೂ ಅರ್ಥಗಳಿವೆ. ದೊಡ್ಡ ದೊಡ್ಡವರೂ ಇಲ್ಲಿ ತಡವರಿಸಿದ್ದಾರೆ. ದೇವರೇ ನಮ್ಮನ್ನು ಪಾಪಕ್ಕೆ ತಳ್ಳುತ್ತಾನೇನೋ ಎಂಬಂತೆ ಕೇಳುತ್ತದೆ ಎಂದು 2017ರಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ್ದರು. ಅದೇ ವರ್ಷ ಫ್ರಾನ್ಸಿನಲ್ಲಿ, 2020ರಲ್ಲಿ ಇಟಲಿಯಲ್ಲಿ ಪೂಜೆಯಲ್ಲಿ ಹೇಳುವ ಆ ಸಾಲನ್ನು ತಿದ್ದಿದರು. ಹಾಗಾಗಿ ನಮ್ಮ ಊರಿನ ಅಜ್ಜಿಗೆ ಅರ್ಥವಾಗದಿದ್ದರೆ ಅದು ಅವರ ದಡ್ಡತನವಲ್ಲ.

ಅಜ್ಜಿಯರ ಕಾಲದಲ್ಲಂತೂ ಪೂಜೆಯೇ ಲ್ಯಾಟಿನ್‌ನಲ್ಲಿತ್ತು. ಪಾದ್ರಿಗಳು ಪೀಠದ ಕಡೆ ಮುಖ ಮಾಡಿ ಮೆಲುದನಿಯಲ್ಲಿ ಓದುವಾಗ ಜನ ತಮ್ಮ ಪಾಡಿಗೆ ಜಪಸರ ಮಾಡುತ್ತಿದ್ದರು. ‘ಓರಾ ಪ್ರೋ ನೋಬಿಸ್’ ಎಂದು ಉತ್ತರ ಕೊಡುತ್ತಿದ್ದವರಲ್ಲಿ ಎಷ್ಟೋ ಜನಕ್ಕೆ ಅದು ‘ನಮಗಾಗಿ ಪ್ರಾರ್ಥಿಸಿ’ ಎಂದು ಗೊತ್ತಿರಲಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. 1963ರ ಡಿಸೆಂಬರ್ 4ರಂದು ಬಂದ ಅದರ ದಾಖಲೆಯ ಆಸೆ ಒಂದೇ: ಜನ ಸುಮ್ಮನೆ ನೋಡುತ್ತಾ ಕೂರಬಾರದು, ತಿಳಿದು ಪಾಲ್ಗೊಳ್ಳಬೇಕು.

ಕನ್ನಡ ಬಂತು. ಆದರೆ ಕನ್ನಡದಲ್ಲಿದ್ದ ಮಾತ್ರಕ್ಕೆ ಅರ್ಥವಾಗಿಬಿಡುತ್ತದೆ ಅಂತೇನಿಲ್ಲ. ಆಮೆನ್, ಹೊಸನ್ನ ಹೀಬ್ರೂ ಮೂಲದವು. ಆಮೆನ್ ಅಂದರೆ ‘ಹಾಗೆಯೇ ಆಗಲಿ’, ಹೊಸನ್ನ ಅಂದರೆ ‘ನಮ್ಮನ್ನು ಕಾಪಾಡು’. ಪಾದ್ರಿ ಪೋರ್ಚುಗೀಸಿನಿಂದ, ಶಿಲುಬೆ ದೂರದ ಸಿರಿಯಾಕ್ ಭಾಷೆಯಿಂದ ಬಂದದ್ದು. ನಮ್ಮ ಪ್ರಾರ್ಥನೆಯ ಒಳಗೇ ಅರ್ಧ ಪ್ರಪಂಚ ಕೂತಿದೆ.

ಹಾಗಾದರೆ ಹಳೆಯ ಪದ ತೆಗೆದು ಸುಲಭದ್ದು ಹಾಕಿಬಿಡೋಣವೇ? ನಮ್ಮಲ್ಲೇ ಈ ವಾದ ಆಗುತ್ತಿರುತ್ತದೆ. ಆದರೆ ಸಾವಿನ ಹಾಸಿಗೆಯ ಸುತ್ತ ನಿಂತವರಿಗೆ ಒಂದು ಸಂಗತಿ ಗೊತ್ತು. ಮಕ್ಕಳ ಹೆಸರು ಮರೆತ ಹಿರಿಯರೂ ‘ನಮೋ ಮರಿಯ’ ಶುರುವಾದರೆ ತುಟಿ ಅಲ್ಲಾಡಿಸುತ್ತಾರೆ. ಆ ಪದಗಳೇ ಅವರಿಗೆ ಉಳಿದಿರುವ ಊರುಗೋಲು. ಅದನ್ನು ಕಿತ್ತುಕೊಂಡು ಹೊಸದು ಕೊಟ್ಟರೆ ಹಿಡಿಯುವ ಶಕ್ತಿ ಅವರಿಗಿರುವುದಿಲ್ಲ.

ಅದಕ್ಕೇ ನಮಗೆ ಅನ್ನಿಸುವುದು ಇಷ್ಟು: ಪದ ಇರಲಿ, ಅರ್ಥ ಹೇಳುವವರು ಬೇಕು. ಭಾನುವಾರದ ಧರ್ಮೋಪದೇಶದಲ್ಲಿ ಮಕ್ಕಳಿಗೆ ವಾರಕ್ಕೊಂದು ಪದ ಬಿಡಿಸಿ ಹೇಳಿದರೆ ವರ್ಷಕ್ಕೆ ಐವತ್ತು ಪದ ಆಗುತ್ತದೆ. ಹಬ್ಬಕ್ಕೆ ನೆರೆಯವರನ್ನು ಕರೆಯುವಾಗ ಊಟದ ಜೊತೆ ಪರಮಪ್ರಸಾದದ ವಿಷಯವನ್ನೂ ಹೇಳಿಬಿಡೋಣ. ಇವತ್ತು ರಾತ್ರಿ ಜಪಸರ ಮುಗಿದ ಮೇಲೆ ಮನೆಯ ಮಕ್ಕಳನ್ನು ಕೇಳಿ ನೋಡಿ, ‘ಉದರ ಅಂದರೇನು?’ ಅಂತ.